ಲಸಿಕೆಯ ಫ್ರಿಜ್ಜಿನಲ್ಲಿ ಹನ್ನೆರಡು ಬಾಟಲಿ ನೀರು

ನೀವೇ ಬರೆದು, ನೀವೇ ಸಹಿ ಹಾಕಿ, ನೀವೇ ಗೋಡೆಗೆ ಅಂಟಿಸಿದ ಆದೇಶವನ್ನು ನಿಮ್ಮ ಕೈಕೆಳಗಿನವರು ಸಾರಾಸಗಟಾಗಿ ಧಿಕ್ಕರಿಸಿರಲಿ ದೇವರೇ ಎಂದು ನೀವು ಎಂದಾದರೂ ಮನಸಾರೆ ಬೇಡಿಕೊಂಡಿದ್ದೀರಾ? ಸಂಕೋಚಪಡದೆ ಉತ್ತರಿಸಿ. ಇಲ್ಲ ಎನ್ನುವುದಾದರೆ ನೀವು ಒಂದೋ ಆದೇಶ ಹೊರಡಿಸುವ ಹುದ್ದೆಯಲ್ಲಿ ಇದ್ದವರಲ್ಲ, ಅಥವಾ ನಿಮ್ಮ ಆದೇಶಗಳನ್ನು ಯಾರೂ ಓದಿಲ್ಲ. ನಾನು ಬೇಡಿಕೊಂಡಿದ್ದೇನೆ. ಗೋಕುಲಂನ ಒಂದು ಬಾಡಿಗೆ ಮನೆಯಲ್ಲಿ, ಬೀಗ ಹಾಕಿದ ಕೋಣೆಯೊಂದರ ಮುಂದೆ ಸ್ಟೂಲಿನ ಮೇಲೆ ಕುಳಿತು, ಒಂದು ಸೋಮವಾರ ಬೆಳಿಗ್ಗೆ ಅರ್ಧ ಗಂಟೆಯ ಕಾಲ, ದೇವರ ಅಸ್ತಿತ್ವದ ಬಗ್ಗೆ ಅಲ್ಲಿಯವರೆಗೆ ಎತ್ತಿದ್ದ ಎಲ್ಲ ಆಕ್ಷೇಪಣೆಗಳನ್ನೂ ತಾತ್ಕಾಲಿಕವಾಗಿ ಹಿಂತೆಗೆದುಕೊಂಡು ಬೇಡಿಕೊಂಡಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಗ ನಾನು ಒಂದು ಅಂತರರಾಷ್ಟ್ರೀಯ ವೈದ್ಯಕೀಯ ಸೇವಾ ಸಂಸ್ಥೆಯ ಮೈಸೂರು ಶಾಖೆಯಲ್ಲಿ ಆಡಳಿತಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಕೇಳಿ ನೀವು ಬೆರಗಾಗಬೇಕಾದ್ದಿಲ್ಲ. ನಮ್ಮ ತಾಯಿ ಬೆರಗಾಗಿದ್ದರು, ಅಷ್ಟು ಸಾಕು. "ನನ್ನ ಮಗ ಡಾಕ್ಟರುಗಳಿಗೆಲ್ಲ ಮೇಲಧಿಕಾರಿ" ಎಂದು ಅವರು ಬೀದಿಯಲ್ಲೆಲ್ಲ ಹೇಳಿ, ಎದುರುಮನೆಯ ಅಜ್ಜಿಯೊಬ್ಬರು ಮೊಣಕಾಲು ನೋವಿಗೆ ನನ್ನಲ್ಲಿ ಮಾತ್ರೆ ಕೇಳುವಂತಾಗಿತ್ತು. ನಿಜಸ್ಥಿತಿ ಹೀಗಿತ್ತು: ನಾನೆಂದೂ ಕಾಣದ, ವರ್ಷದಲ್ಲಿ ಎಂಟು ತಿಂಗಳು ಹಿಮ ಬೀಳುವ ಊರೊಂದರಲ್ಲಿ ಕೇಂದ್ರ ಕಚೇರಿ, ಗೋಕುಲಂನಲ್ಲಿ ಮೂರು ಕೋಣೆಯ ಶಾಖಾ ಕಚೇರಿ, ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಚಾಲೂ ಆಗುವ ಒಂದು ಜೀಪು, ಹಿತ್ತಿಲ ಕಡೆಯ ಕೋಣೆಯಲ್ಲಿ ಒಂದು ಫ್ರಿಜ್ಜು. ಆ ಫ್ರಿಜ್ಜೇ ನಮ್ಮ ಸಂಸ್ಥೆಯ ಗರ್ಭಗುಡಿ. ಅದರೊಳಗೆ ಮಕ್ಕಳಿಗೆ ಹಾಕುವ ಲಸಿಕೆಗಳಿದ್ದವು. ಬೋಗಾದಿಯ ಕಡೆ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವ ಕೂಲಿಯವರ ಮಕ್ಕಳು, ಮೇಟಗಳ್ಳಿಯ ಕಾರ್ಖಾನೆಗಳ ಬೆನ್ನಿಗೆ ಶೆಡ್ಡು ಹಾಕಿಕೊಂಡವರ ಮಕ್ಕಳು, ಇವತ್ತು ಇಲ್ಲಿದ್ದು ಗಾರೆ ಒಣಗಿದ ಮೇಲೆ ಇನ್ನೊಂದು ಕಡೆ ಹೋಗುವವರ ಮಕ್ಕಳು: ಇವರಿಗೆ ಅವರಿದ್ದಲ್ಲಿಗೇ ಹೋಗಿ ಲಸಿಕೆ ಹಾಕುವುದು ನಮ್ಮ ಕೆಲಸ. ಶಿಬಿರದ ದಿನ ವೈದ್ಯರು ನೇರವಾಗಿ ಅಲ್ಲಿಗೆ ಬರುತ್ತಿದ್ದರು. ಕಚೇರಿಯಲ್ಲಿ ಖಾಯಮ್ಮಾಗಿ ಇದ್ದವರು ಮೂವರೇ: ನಾನು, ಡ್ರೈವರ್ ಮಹದೇವು, ಆಯಾ ಪುಟ್ಟತಾಯಮ್ಮ.

ಕಾಲೇಜಿನಲ್ಲಿ ನಾನು ಚರ್ಚಾಪಟು. ಯಾವುದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಒಂದೇ ಆವೇಶದಿಂದ ಮಾತನಾಡಿ, ಎರಡಕ್ಕೂ ಬಹುಮಾನ ಪಡೆದವನು. ಬಹುಮಾನವಾಗಿ ಬಂದ ಸ್ಟೀಲ್ ಲೋಟಗಳಲ್ಲಿ ನಮ್ಮ ಮನೆಯವರು ಇಂದಿಗೂ ಮಜ್ಜಿಗೆ ಕುಡಿಯುತ್ತಿದ್ದಾರೆ. ಕಾಲೇಜು ಬಿಡುವಾಗ ನಮ್ಮ ಅಧ್ಯಾಪಕರು ಚರ್ಚಾಕೂಟದ ಹಿತ್ತಾಳೆಯ ಮೇಜುಗಂಟೆಯನ್ನು ನನಗೆ ಕೊಟ್ಟು, "ಸಮಯಪಾಲನೆಯೇ ಪ್ರಜಾಪ್ರಭುತ್ವದ ತಳಹದಿ ಕಣಯ್ಯ" ಎಂದು ಹರಸಿದ್ದರು. ಸಂಸ್ಥೆಗೆ ಸೇರಿದ ಮೊದಲ ವಾರವೇ ಆ ಗಂಟೆಯನ್ನು ಕಚೇರಿಯ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಪ್ರತಿ ಶನಿವಾರ ಸಿಬ್ಬಂದಿ ಸಭೆ. ಹುದ್ದೆಯ ತಾರತಮ್ಯವಿಲ್ಲದೆ ಪ್ರತಿಯೊಬ್ಬರಿಗೂ ಮೂರು ನಿಮಿಷ. ಮೂರು ನಿಮಿಷ ಕಳೆದೊಡನೆ ಗಂಟೆ. ಗಂಟೆಯಾದ ಮೇಲೆ ಆಡಿದ ಮಾತು ಕಡತಕ್ಕೆ ಸೇರತಕ್ಕದ್ದಲ್ಲ. ಆಯಾ ಮತ್ತು ಅಧಿಕಾರಿ ಸಮಾನ ಕಾಲಾವಕಾಶ ಪಡೆಯುವ ಕಚೇರಿ ಈ ದೇಶದಲ್ಲಿ ಎಷ್ಟಿವೆ ಹೇಳಿ? ಹಾಗೆಂದು ನಾನು ಆಗ ಹೆಮ್ಮೆಪಡುತ್ತಿದ್ದೆ. ಮಹದೇವು ತನ್ನ ಮೂರು ನಿಮಿಷವನ್ನು "ಜೀಪಿಗೆ ಬ್ಯಾಟ್ರಿ ಬೇಕು ಸಾರ್" ಎಂಬ ಒಂದೇ ವಾಕ್ಯದಲ್ಲಿ ಮುಗಿಸಿ ಉಳಿದ ಕಾಲವನ್ನು ರಾಷ್ಟ್ರಕ್ಕೆ ಅರ್ಪಿಸುತ್ತಿದ್ದ. ಪುಟ್ಟತಾಯಮ್ಮನ ಕಥೆ ಬೇರೆ. ಅವರು ಯಾವ ವಿಷಯವನ್ನೂ ಅದರ ಹುಟ್ಟಿನಿಂದ ಆರಂಭಿಸುವವರು. ಪೊರಕೆ ಸವೆದಿದೆ ಎಂದು ತಿಳಿಸಲು ಅವರಿಗೆ ತಮ್ಮ ಮದುವೆಯಿಂದ ಹೊರಡಬೇಕಾಗುತ್ತಿತ್ತು.

ಬೇಸಗೆಯ ಒಂದು ಮಧ್ಯಾಹ್ನ ಹಿತ್ತಿಲ ಕೋಣೆಗೆ ಹೋದವನು ಬಾಗಿಲಲ್ಲೇ ನಿಂತೆ. ಮಹದೇವು ಫ್ರಿಜ್ಜಿನ ಬಾಗಿಲನ್ನು ಹಾರುಹೊಡೆದು, ಅದರ ತಂಪಿಗೆ ಎದೆಯೊಡ್ಡಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಚಪ್ಪಟೆಯ ಗಾಜಿನ ಬಾಟಲಿಯೊಂದರಿಂದ ಗಟಗಟನೆ ಕುಡಿಯುತ್ತಿದ್ದ. ಆ ಬಾಟಲಿಯ ಆಕಾರವನ್ನು ಗುರುತಿಸಲು ಪಾನಪ್ರಿಯನೇ ಆಗಿರಬೇಕಾದ್ದಿಲ್ಲ. ಪಾನನಿಷೇಧದ ಪರವಾಗಿ ಎರಡು ಲೋಟ ಗೆದ್ದವನಿಗೂ ಅದು ತಿಳಿಯುತ್ತದೆ. ಒಳಗೆ ಬಗ್ಗಿ ನೋಡಿದರೆ ಕೆಳಗಿನ ಅಂತಸ್ತಿನಲ್ಲಿ ಅಂಥವೇ ಇನ್ನೂ ಹನ್ನೊಂದು! ನಾನು ಅವನ ಕೈಯಿಂದ ಬಾಟಲಿ ಕಿತ್ತು ಮೂಸಿದೆ. ನೀರು. ಬರಿಯ ನೀರು. ಸತ್ಯ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಶೆಯೇ ಆಯಿತು. ಅಷ್ಟರಲ್ಲಿ ಭಾಷಣದ ಮೊದಲ ಎರಡು ವಾಕ್ಯ ಸಿದ್ಧವಾಗಿಬಿಟ್ಟಿದ್ದವು.

"ಏನಿದು ಮಹದೇವು?"

"ಬಿಸ್ಲು ಸಾರ್. ಗಂಟ್ಲು ಒಣಗೋಗ್ಬುಟ್ಟಿತ್ತು. ಒಂದೇ ಒಂದು ಬಾಟ್ಲಿ ಕಣ್ ಸಾರ್."

"ಇವನ್ನೆಲ್ಲ ಇಲ್ಲಿ ಇಟ್ಟವರು ಯಾರು?"

"ಪುಟ್ಟತಾಯಮ್ಮ ಸಾರ್. ಗುಜರಿ ಅಂಗ್ಡೀಲಿ ಆರ್ಸಿ ತಂದು, ಕುದಿಯೋ ನೀರಲ್ಲಿ ತೊಳ್ದು ಇಟ್ಟವ್ರೆ. ಮುಟ್ಟಿದ್ರೆ ಬಯ್ತಾರೆ. ಈಗ ಅವ್ರಿಲ್ಲ, ಅದ್ಕೇ..."

ನನ್ನ ತರ್ಕ ಸಿದ್ಧವಾಯಿತು. ಬಾಟಲಿಗಳಲ್ಲಿ ನೀರಿದೆ, ನೀರನ್ನು ಸಿಬ್ಬಂದಿ ಕುಡಿಯುತ್ತಾರೆ, ಆದ್ದರಿಂದ ಇದು ಕುಡಿಯುವ ನೀರು. ಕುಡಿಯುವುದಕ್ಕಾಗಿ ಬಾಗಿಲು ತೆರೆದಾಗಲೆಲ್ಲ ತಂಪು ಸೋರುತ್ತದೆ. ಲಸಿಕೆ ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಆದ್ದರಿಂದ ನೀರು ಲಸಿಕೆಯ ಶತ್ರು. ಯಾವ ತೀರ್ಪುಗಾರನಾದರೂ ಪೂರ್ಣಾಂಕ ಕೊಡಬೇಕಾದ ವಾದ.

ಶನಿವಾರದ ಸಭೆಯಲ್ಲಿ ಅದನ್ನು ಮಂಡಿಸಿ, ನ್ಯಾಯಬುದ್ಧಿಯಿಂದ ಪುಟ್ಟತಾಯಮ್ಮನಿಗೆ ಪ್ರತಿವಾದದ ಅವಕಾಶ ಕೊಟ್ಟೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು.

"ಅದೇನಾಯ್ತು ಅಂದ್ರೆ ಸಾ, ಆಗ ಇನ್ನೂ ಸಿಸ್ಟರಮ್ಮ ಇದ್ರು ಇಲ್ಲಿ, ನೀವು ಬಂದಿರ್ನಿಲ್ಲ. ನಮ್ಮಕ್ಕನ ಮಗಳು ರತ್ನಿ ಎರಿಗೆಗೆ ಅಂತ ಬಂದ್ಲು. ಗಂಡು ಮಗ. ಉಟ್ದಾಗ್ಲೇ ತಲೆ ತುಂಬ ಕೂದ್ಲು ಕಣ್ ಸಾ. ಅವ್ಳತ್ತೆ ಇದ್ದವ್ಳು ಒಂದು ದಿನ ಬಂದು ನೋಡ್ನಿಲ್ಲ, ಬಾಣಂತನಕ್ಕೆ ಒಂದು ತೊಟ್ಟು ತುಪ್ಪ ಕಳಿಸ್ನಿಲ್ಲ..."

"ಪುಟ್ಟತಾಯಮ್ಮ, ದಯವಿಟ್ಟು ಬಾಟಲಿಯ ವಿಷಯಕ್ಕೆ ಬನ್ನಿ."

"ಅಲ್ಗೇ ಬತ್ತಾ ಇವ್ನಿ ಸಾ. ತುಪ್ಪ ಓಗ್ಲಿ. ಆ ಮಗೀಗೆ ಒಂಬತ್ತು ತಿಂಗ್ಳು ತುಂಬ್ತು ನೋಡಿ, ಆಗ ಅವ್ಳ ಗಂಡನ ಊರಲ್ಲಿ..."

ಟಿಣ್ ಎಂದಿತು ಗಂಟೆ. ಪುಟ್ಟತಾಯಮ್ಮ ಬಾಯಿ ತೆರೆದೇ ನಿಂತರು. ನಾನು ಕೈಗಡಿಯಾರ ತೋರಿಸಿ, ವಿಷಯಾಂತರದಿಂದ ವಾದ ಸೋಲುತ್ತದೆ ಎಂಬ ಕಿವಿಮಾತನ್ನು ಉಚಿತವಾಗಿ ಕೊಟ್ಟು, ಸಭೆ ಮುಗಿಸಿದೆ. "ಗಂಟೆ ಒಡ್ದ ಮೇಲೆ ದೇವ್ರೇ ಮಂಗ್ಳಾರ್ತಿ ತಕ್ಕೊಂಡು ಸುಮ್ಕಾಯ್ತಾನೆ, ನಾನ್ಯಾವ ಲೆಕ್ಕ ಬುಡಿ" ಎಂದು ಅವರು ಮಹದೇವುಗೆ ಹೇಳಿದ್ದು ನನಗೆ ಕೇಳಿಸಿತು. ಗಂಟೆಯಾದ ಮೇಲೆ ಆಡಿದ ಮಾತಾದ್ದರಿಂದ ಅದನ್ನು ಕಡತಕ್ಕೆ ಸೇರಿಸಲಿಲ್ಲ.

ಅಂದೇ ಆದೇಶ ಬರೆದೆ. "ಲಸಿಕೆಯ ಫ್ರಿಜ್ಜಿನಲ್ಲಿ ಕುಡಿಯುವ ನೀರಿನ ಬಾಟಲಿಗಳನ್ನು ಯಾವ ಕಾರಣಕ್ಕೂ ಇಡತಕ್ಕದ್ದಲ್ಲ. ಕೋಣೆಗೆ ಬೀಗ ಹಾಕಿರತಕ್ಕದ್ದು. ಕೀಲಿಕೈ ಶ್ರೀಮತಿ ಪುಟ್ಟತಾಯಮ್ಮನವರಲ್ಲಿ ಮಾತ್ರ ಇರತಕ್ಕದ್ದು. ಅವರ ಹೊರತು ಇತರರು, ಆಡಳಿತಾಧಿಕಾರಿಯೂ ಸೇರಿದಂತೆ, ಕೋಣೆಯನ್ನು ಪ್ರವೇಶಿಸತಕ್ಕದ್ದಲ್ಲ." ಈ ಕೊನೆಯ ವಾಕ್ಯ ನನಗೆ ಅತ್ಯಂತ ಪ್ರಿಯವಾದದ್ದು. ತಾನೇ ಮಾಡಿದ ಕಾನೂನಿಗೆ ತಾನೇ ಮೊದಲು ತಲೆಬಾಗುವವನಲ್ಲವೇ ನಿಜವಾದ ಸುಧಾರಕ? ಪುಟ್ಟತಾಯಮ್ಮ ಹನ್ನೆರಡು ಬಾಟಲಿಗಳ ನೀರನ್ನೂ ನನ್ನ ಕಣ್ಣೆದುರಿಗೇ ದಾಸವಾಳದ ಗಿಡಕ್ಕೆ ಸುರಿದು, ಖಾಲಿ ಬಾಟಲಿಗಳನ್ನು ಗೋಡೆಯ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದರು. ಸೋಮವಾರ ಬಂದಾಗ ಅವು ಅಲ್ಲಿರಲಿಲ್ಲ. ಮತ್ತೆ ಗುಜರಿಗೆ ಹೋಗಿರಬೇಕು ಎಂದುಕೊಂಡು ನಾನು ಕೇಂದ್ರ ಕಚೇರಿಗೆ "ಶಿಸ್ತು ಕ್ರಮಗಳು" ಎಂಬ ಶೀರ್ಷಿಕೆಯಲ್ಲಿ ಒಂದು ಪುಟ ಬರೆದು ಕಳುಹಿಸಿದೆ.

ಆ ಪುಟವನ್ನು ಓದಿಯೋ ಏನೋ, ಎರಡು ವಾರದ ಮೇಲೆ ಕೇಂದ್ರ ಕಚೇರಿಯಿಂದ ಡಾಕ್ಟರ್ ಮಾರ್ಗಿಟ್ ಎಂಬ ಮಹಿಳೆ ತಪಾಸಣೆಗೆ ಬಂದರು. ಸೋಮವಾರ ಎಂಟೂವರೆಗೆ ಬರಬೇಕಾದವರು ಒಂಬತ್ತಕ್ಕೆ ಬಂದದ್ದು ಅವರ ತಪ್ಪಲ್ಲ. ಗೋಕುಲಂ ಎಂದು ಹೇಳಿ ಆಟೋ ಹತ್ತಿದ ವಿದೇಶೀಯರನ್ನು ನಮ್ಮ ಆಟೋದವರು ಮರುಮಾತಿಲ್ಲದೆ ಯೋಗಶಾಲೆಯ ಮುಂದೆ ಇಳಿಸುತ್ತಾರೆ. ಅಲ್ಲಿ ಅವರನ್ನು ಚಾಪೆಯ ಮೇಲೆ ಕೂರಿಸಿ, ಬೆನ್ನು ನೋವೋ ಮನಸ್ಸಿನ ನೋವೋ ಎಂದು ವಿಚಾರಿಸಿದರಂತೆ. ಮಾರ್ಗಿಟ್ ಅವರದು ಮುಗುಳ್ನಗೆಯನ್ನು ಉಳಿತಾಯ ಮಾಡುವ ಮುಖ. ಈ ಕಥೆ ಹೇಳುವಾಗ ಮಾತ್ರ ಸ್ವಲ್ಪ ಖರ್ಚು ಮಾಡಿದರು. ಅಂದು ಹನ್ನೊಂದಕ್ಕೆ ಬೋಗಾದಿಯಲ್ಲಿ ಶಿಬಿರವಿತ್ತು. ಅವರೂ ಬರುವವರಿದ್ದರು.

ಅತಿಥಿಗೆ ಕಾಫಿ ತಂದಿಟ್ಟ ಮಹದೇವು, ತನಗೆ ಬರುವ ಇಂಗ್ಲಿಷನ್ನು ದೇಶದ ಮಾನಕ್ಕಾಗಿ ಬಳಸಲು ನಿರ್ಧರಿಸಿದ. "ಎಸ್ಟರ್‌ಡೇ ಫುಲ್ ಡೇ ನೋ ಕರೆಂಟ್ ಮೇಡಂ. ಮಾರ್ನಿಂಗ್ ನೈನ್ ಗೋಯಿಂಗ್, ಈವ್ನಿಂಗ್ ಫೈವ್ ಕಮಿಂಗ್!" ಎಂದು, ನಮ್ಮೂರಿನ ವಿಶೇಷವೊಂದನ್ನು ಪರಿಚಯಿಸುವವನಂತೆ ಹೇಳಿದ.

ಮಾರ್ಗಿಟ್ ಲೋಟ ಕೆಳಗಿಟ್ಟರು. ಎಂಟು ಗಂಟೆ ಕರೆಂಟು ಇರಲಿಲ್ಲವೇ? ಆದರೂ ಚಿಂತೆಯಿಲ್ಲ, ಫ್ರಿಜ್ಜಿನ ಕೆಳಗೆ ನೀರಿನ ಬಾಟಲಿಗಳನ್ನು ಇಟ್ಟಿದ್ದೀರಲ್ಲ, ಎಂದು ಕೇಳಿದರು.

"ಇಲ್ಲ ಮೇಡಂ" ಎಂದೆ, ಎದೆಯುಬ್ಬಿಸಿ. "ಇದ್ದವು. ನಾನು ತೆಗೆಸಿದೆ."

ಆ ಮುಖದಿಂದ ಬಣ್ಣ ಇಳಿದುದನ್ನು ನಾನು ಮೊದಲು ಮೆಚ್ಚುಗೆಯೆಂದೇ ಭಾವಿಸಿದೆ. ಅವರು ಎದ್ದು ನನ್ನ ಕಪಾಟಿನಿಂದ ಸಂಸ್ಥೆಯ ಕೈಪಿಡಿಯನ್ನು ಎಳೆದು ಹಿಂಬದಿಯ ಪುಟವೊಂದನ್ನು ತೆರೆದರು. ಸೇವೆಯ ಆದರ್ಶಗಳ ಬಗ್ಗೆ ಇದ್ದ ಅದರ ಮುನ್ನುಡಿಯನ್ನು ನಾನು ಮೂರು ಸಲ ಓದಿದ್ದೆ, ಗೆರೆ ಹಾಕಿದ್ದೆ, ಒಂದೆರಡು ವಾಕ್ಯ ಕಂಠಪಾಠವೂ ಆಗಿತ್ತು. ಹಿಂಬದಿಯ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿ ಫ್ರಿಜ್ಜಿನ ಚಿತ್ರವಿತ್ತು. ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ಬಾಟಲಿಗಳಿದ್ದವು. ಕರೆಂಟು ಹೋದಾಗ ತಂಪನ್ನು ಹಿಡಿದಿಟ್ಟುಕೊಳ್ಳುವುದು ತಣ್ಣಗಾದ ಆ ನೀರು; ಅದು ಇಲ್ಲದ ಫ್ರಿಜ್ಜು ಬೇಸಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಬರಿಯ ಬೀರುವಾಗುತ್ತದೆ ಎಂದು ಮಾರ್ಗಿಟ್ ವಿವರಿಸಿದರು. ಸಂಜೆ ಕರೆಂಟು ಬಂದು ಮತ್ತೆ ತಣ್ಣಗಾಗಿದ್ದರೂ ಪ್ರಯೋಜನವಿಲ್ಲ. ಒಮ್ಮೆ ಕಾವು ತಗುಲಿ ಕೆಟ್ಟ ಲಸಿಕೆ ತಂಪಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಹಾಕಿದರೆ ಹಾಕಿದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ. ತಾಯಿ ಮಗುವಿಗೆ ರಕ್ಷಣೆ ಸಿಕ್ಕಿತೆಂದು ನೆಮ್ಮದಿಯಿಂದಿರುತ್ತಾಳೆ, ಸಿಕ್ಕಿರುವುದಿಲ್ಲ.

ಬೋಗಾದಿಯಲ್ಲಿ ಆ ಹೊತ್ತಿಗೆ ಅರವತ್ತು ತಾಯಂದಿರು ಅಂದಿನ ಕೂಲಿ ಬಿಟ್ಟು, ಮಕ್ಕಳ ಮುಖ ತೊಳೆದು ಕಾಯುತ್ತಿದ್ದರು. ಹಿಂದಿನ ತಿಂಗಳು ಅದೇ ಕಡೆ ಒಂದು ಶೆಡ್ಡಿನ ಮಗುವಿಗೆ ದಡಾರ ಬಂದಿತ್ತು. ಹೊಸ ಲಸಿಕೆ ತರಿಸಲು ಇನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಕಟ್ಟಡ ಮುಗಿದು ಅರ್ಧ ಮಂದಿ ಯಾವ ಊರಿಗೆ ಹೋಗಿರುತ್ತಾರೋ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಗೊತ್ತಿದ್ದದ್ದು ಹೊಟ್ಟೆಯೊಳಕ್ಕೆ ಇಳಿದದ್ದು ಆಗಲೇ.

ಹಿತ್ತಿಲ ಕೋಣೆಗೆ ಓಡಿದೆವು. ಬೀಗ. ಪುಟ್ಟತಾಯಮ್ಮ ತಾಯಂದಿರನ್ನು ಸೇರಿಸಲೆಂದು ಬೆಳಿಗ್ಗೆ ಏಳರ ಬಸ್ಸಿಗೇ ಬೋಗಾದಿಗೆ ಹೋಗಿದ್ದರು. ಹತ್ತಕ್ಕೆ ಬಂದು ಲಸಿಕೆಯ ಪೆಟ್ಟಿಗೆ ಕಟ್ಟುವುದು ಪದ್ಧತಿ. ಕೀಲಿಕೈ ಅವರ ಸೆರಗಿನ ಗಂಟಿನಲ್ಲಿತ್ತು. ನನ್ನ ಆದೇಶದಂತೆ.

"ಒಡ್ದಾಕ್ಬುಡ್ಲಾ ಸಾರ್?" ಎಂದ ಮಹದೇವು, ಜೀಪಿನ ಜಾಕ್ ಹಿಡಿದು. ಮಾರ್ಗಿಟ್ ಬೇಡವೆಂದರು. ಆದದ್ದು ಆಗಿದೆ, ಅರ್ಧ ಗಂಟೆಯಲ್ಲಿ ಬದಲಾಗುವಂಥದು ಏನೂ ಇಲ್ಲ, ಎಂದರು. ನಾನು ಸ್ಟೂಲಿನ ಮೇಲೆ ಕುಳಿತೆ. ಎದುರಿಗೆ ನನ್ನದೇ ಆದೇಶ, ಎರಡು 'ತಕ್ಕದ್ದು', ಎರಡು 'ತಕ್ಕದ್ದಲ್ಲ'. ಮಹದೇವು ಸಮಾಧಾನ ಹೇಳಲು ಪಕ್ಕಕ್ಕೆ ಬಂದ. "ಎದ್ರಬೇಡಿ ಸಾರ್. ಪುಟ್ಟತಾಯಮ್ಮ ಎಷ್ಟೇ ಆಗ್ಲಿ ಯಾರ ಮಾತೂ ಕೇಳೋರಲ್ಲ." ನನ್ನ ವೃತ್ತಿಜೀವನದಲ್ಲಿ ಸಹೋದ್ಯೋಗಿಯೊಬ್ಬರ ಬಗ್ಗೆ ಕೇಳಿದ ದೂರುಗಳಲ್ಲಿ ಇಷ್ಟು ಸಿಹಿಯಾದದ್ದು ಮತ್ತೊಂದಿಲ್ಲ. ಆಗಲೇ ನಾನು ಮೊದಲು ಹೇಳಿದ ಪ್ರಾರ್ಥನೆಯನ್ನು ಆರಂಭಿಸಿದ್ದು. ದೇವರೇ, ಆಕೆ ಅಶಿಸ್ತಿನವಳಾಗಿರಲಿ. ಮೊಂಡಳಾಗಿರಲಿ. ನನ್ನ ಸಹಿಗೆ ಕವಡೆ ಕಾಸಿನ ಕಿಮ್ಮತ್ತು ಕೊಡದಿರಲಿ.

ಹತ್ತಕ್ಕೆ ಐದು ನಿಮಿಷವಿದ್ದಾಗ ಅವರು ಬಸ್ಸಿನವನನ್ನು ಬೈಯುತ್ತಲೇ ಬಂದರು. "ಬೋಗಾದಿಯಿಂದ ಇಲ್ಗೆ ನಿಂತ್ಕೊಂಡೇ ಬಂದೆ ಕಣ್ ಸಾ, ಚಿಲ್ಲರೆ ಇಲ್ಲ ಅಂತ ಅವ್ನು... ಇದ್ಯಾಕೆ ಎಲ್ಲಾ ಇಂಗೆ ಸಾವಿನ ಮನೆ ಮುಂದೆ ನಿಂತಂಗೆ ನಿಂತಿದೀರಿ?"

"ಪುಟ್ಟತಾಯಮ್ಮ, ಬಾಗಿಲು ತೆಗೀರಿ."

ಅವರು ತೆಗೆದರು. ಮೊದಲು ಕಂಡದ್ದು ಫ್ರಿಜ್ಜಿನ ತಲೆಯ ಮೇಲೆ ಮಡಿಚಿಟ್ಟಿದ್ದ ಒಂದು ಕರಿಯ ಕಂಬಳಿ. ಆಮೇಲೆ ಬಾಗಿಲಿಗೆ ಅಂಟಿಸಿದ್ದ ಉಷ್ಣತೆಯ ಪಟ್ಟಿ. ಭಾನುವಾರ ರಜೆ, ಆ ಅಂಕಣ ಖಾಲಿ ಇರಬೇಕಿತ್ತು. ಖಾಲಿ ಇರಲಿಲ್ಲ. ರಂಗೋಲಿಯ ಎಳೆ ಎಳೆದಂತೆ ಬರೆದ ದುಂಡನೆಯ ಅಂಕಿಗಳು: ಬೆಳಿಗ್ಗೆ ನಾಲ್ಕು ಡಿಗ್ರಿ, ಮಧ್ಯಾಹ್ನ ಐದೂವರೆ, ಸಂಜೆ ಏಳು. ಮಾರ್ಗಿಟ್ ಫ್ರಿಜ್ಜು ತೆರೆದರು. ಕೆಳಗಿನ ಅಂತಸ್ತಿನಲ್ಲಿ ಹನ್ನೆರಡು ಚಪ್ಪಟೆ ಬಾಟಲಿಗಳು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಒಳಗಿನ ನೀರು ಮಾತ್ರ ಗಾಢ ನೀಲಿ. ಪೋಲಿಯೋ ಹನಿಯ ಸೀಸೆಗಳ ಮೇಲೆ, ಬಿಸಿ ತಗುಲಿದರೆ ಕಪ್ಪಾಗುವ ಒಂದು ಚಿಕ್ಕ ಚೌಕವಿರುತ್ತದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಎಲ್ಲವೂ ಬೆಳ್ಳಗಿದ್ದವು. "ಗುಡ್" ಎಂದರು. ನಾನು ಮತ್ತೆ ಸ್ಟೂಲಿನ ಮೇಲೆ ಕುಳಿತೆ.

ಅಲ್ಲಿಂದಲೇ ಕೇಳಿದೆ: "ನನ್ನ ಆದೇಶ ಓದಲಿಲ್ಲವೇ ನೀವು?"

"ಓದ್ದೆ ಸಾ. ಕುಡಿಯೋ ನೀರು ಇಡಬ್ಯಾಡಿ ಅಂತ ಬರ್ದಿದ್ರಿ. ಇದ್ನ ಯಾರು ಕುಡಿದಾರು? ಬಟ್ಟೆಗಾಕೋ ನೀಲಿ ಕಲಸಿವ್ನಿ." ಅವರು ಮಹದೇವು ಕಡೆ ತಿರುಗಿದರು. "ಈಗ ಕುಡಿ ಮಗ್ನೇ, ನಾಲ್ಗೆ ಕೃಷ್ಣನ ಮೈ ಆಯ್ತದೆ."

ಹದಿನಾಲ್ಕು ಲೋಟಗಳ ಒಡೆಯ ಅಂದು, ಪದಗಳ ವ್ಯಾಖ್ಯೆಯ ಮೇಲೆಯೇ, ಏಳನೆಯ ತರಗತಿ ಓದಿದ ಪ್ರತಿವಾದಿಗೆ ಸೋತ. ಸೋತು ಇಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮಾರ್ಗಿಟ್ ಆಕೆಗೆ ಇದನ್ನು ಯಾರು ಕಲಿಸಿದರೆಂದು ಕೇಳಬಯಸಿದರು; ನಾನು ಅನುವಾದಿಸಬೇಕಾಯಿತು. ಬೋಗಾದಿಯವರೆಗೆ ಜೀಪಿನಲ್ಲಿ, ತೊಡೆಯ ಮೇಲೆ ಲಸಿಕೆಯ ಪೆಟ್ಟಿಗೆ ಇಟ್ಟುಕೊಂಡು ಪುಟ್ಟತಾಯಮ್ಮ ಹೇಳಿದರು. ಗಂಟೆ ಕಚೇರಿಯಲ್ಲಿತ್ತು. ರತ್ನಿಯ ಹೆರಿಗೆಯಾಯಿತು, ಅತ್ತೆಯ ತುಪ್ಪ ಬರಲಿಲ್ಲ, ಮಗುವಿಗೆ ಒಂಬತ್ತು ತಿಂಗಳು ತುಂಬಿತು. ನಾನು ಗಂಟೆ ಬಾರಿಸಿದ್ದ ಜಾಗ ಅದು. ಅದರ ಮುಂದಿನದು ಇಷ್ಟು: ಗಂಡನ ಊರಿನಲ್ಲಿ ಆ ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸಿದರು. ಹಿಂದಿನ ಎರಡು ದಿನ ಆ ಊರಲ್ಲಿ ಕರೆಂಟಿರಲಿಲ್ಲ. ಅದಾಗಿ ನಾಲ್ಕು ತಿಂಗಳಿಗೆ ಮಗುವಿಗೆ ದಡಾರ ಬಂತು. ಜೀವ ಉಳಿಯಿತು, ಒಂದು ಕಿವಿ ಇವತ್ತಿಗೂ ಕೇಳಿಸುವುದಿಲ್ಲ. "ಚುಚ್ಚಿಸಿದ್ವಲ್ಲಮ್ಮ, ಯಾಕೆ ಬಂತು ಅಂತ ಸಿಸ್ಟರಮ್ಮನ್ನ ಕೇಳ್ದೆ. ಅವ್ರು ಕೂರಿಸ್ಕೊಂಡು ಎಲ್ಲಾ ಏಳಿದ್ರು. ಮದ್ದು ಎಂಗೆ ಕೆಡ್ತದೆ, ನೀರು ಅದ್ನ ಎಂಗೆ ಕಾಪಾಡ್ತದೆ, ಎಲ್ಲಾ. ಅವತ್ತಿಂದ ನಾನು ಬಾಟ್ಲಿ ತಪ್ಪಿಸಿಲ್ಲ ಸಾ. ನಿನ್ನೆ ಕರೆಂಟ್ ಓದಾಗ ನಮ್ಮನೆ ಕಂಬ್ಳಿ ತಂದು ಒದಿಸಿ, ಅಲ್ಲೇ ಕೂತಿದ್ದೆ, ಅಂಕಿ ಬರ್ಯಾಕೆ ಬುಟ್ರೆ ಬಾಗ್ಲು ತೆಗೀದಂಗೆ."

ಇಪ್ಪತ್ತೆರಡು ನಿಮಿಷ ಹಿಡಿಯಿತು. ಒಂದು ವಾಕ್ಯವೂ ವಿಷಯಾಂತರವಾಗಿರಲಿಲ್ಲ. ತುಪ್ಪ ಕೂಡ.

ಅರವತ್ತು ಮಕ್ಕಳೂ ಅಂದು ಬೋಗಾದಿಯಲ್ಲಿ ಒಂದೇ ಕಂಠದಿಂದ ಅತ್ತವು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಮುಂದಿನ ತಿಂಗಳು ಕೇಂದ್ರ ಕಚೇರಿಯಿಂದ ವರದಿ ಬಂತು. ಬಾಟಲಿಯ ನೀರಿಗೆ ಬಣ್ಣ ಬೆರೆಸಿ ದುರ್ಬಳಕೆ ತಪ್ಪಿಸಿದ ಕ್ರಮ ಮಾದರಿಯಾದದ್ದು; ಆಡಳಿತಾಧಿಕಾರಿಯ ಲಿಖಿತ ಆದೇಶವೇ ಇದಕ್ಕೆ ಪ್ರೇರಣೆ ಎಂದಿತ್ತು. ಮಾರ್ಗಿಟ್ ಅವರು ವ್ಯಂಗ್ಯವಾಡುವವರೋ ಅಲ್ಲವೋ ನನಗೆ ಇಂದಿಗೂ ಬಗೆಹರಿದಿಲ್ಲ. ನಾನು ಪ್ರಾಮಾಣಿಕವಾಗಿ ಎರಡು ಪುಟದ ತಿದ್ದುಪಡಿ ಬರೆದು, ಶ್ರೇಯಸ್ಸೆಲ್ಲ ಶ್ರೀಮತಿ ಪುಟ್ಟತಾಯಮ್ಮನವರದು ಎಂದು ತಿಳಿಸಿದೆ. ನಿಮ್ಮ ವಿನಯ ನಮಗೆ ಮೆಚ್ಚುಗೆಯಾಯಿತು ಎಂದು ಉತ್ತರ ಬಂತು. ಗಂಟೆಯನ್ನು ಪುಟ್ಟತಾಯಮ್ಮನಿಗೇ ಒಪ್ಪಿಸಿದೆ. ಶಿಬಿರಗಳಲ್ಲಿ ಅಳುವ ಮಕ್ಕಳನ್ನು ಸುಮ್ಮನಾಗಿಸಲು ಅದು ಬಹಳ ಒಳ್ಳೆಯದೆಂದರು. ಶನಿವಾರದ ಸಭೆಗೂ ಅದನ್ನು ತರುತ್ತಿದ್ದರು. ನಾನು ಎದ್ದು ನಿಂತಾಗ ಮಾತ್ರ ಮೇಜಿನ ಮೇಲೆ ಇಡುತ್ತಿದ್ದರು.

ನಾನು ಆ ಸಂಸ್ಥೆ ಬಿಟ್ಟು ವರ್ಷಗಳಾದವು, ಮೂರು ನಿಮಿಷದಲ್ಲಿ ಮಾತು ಮುಗಿಸುವುದನ್ನು ಇನ್ನೂ ಕಲಿತಿಲ್ಲ ಎಂಬುದಕ್ಕೆ ಈ ಬರಹವೇ ಸಾಕ್ಷಿ. ಆದ್ದರಿಂದ ಕೇಳುವುದನ್ನು ಚಿಕ್ಕದಾಗಿ ಕೇಳುತ್ತೇನೆ. ಮುಂದಿನ ಸಲ ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳು ಕಂಡರೆ ಕುಡಿಯಲು ಕೇಳಬೇಡಿ. ಅವು ಯಾಕಿವೆ ಎಂದು ಅಲ್ಲಿರುವ ಆಯಾ ಅವರನ್ನು ಕೇಳಿ, ಮತ್ತು ಅವರು ಹೇಳಿ ಮುಗಿಸುವವರೆಗೆ ದಯವಿಟ್ಟು ಕುಳಿತಿರಿ.